ಹದಿನೇಳನೆಯ ಸುರುಳಿ

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ತರಕಾರಿಯವನ ತಕ್ಕಡಿಯ ಅಡಿಗೆ ಏನಾದರೂ ಅಂಟಿಸಿದ್ದಾನೆಯೇ ಎಂದು ಮುಟ್ಟಿ ನೋಡುತ್ತೇನೆ. ಮನೆಯಲ್ಲಿ ಹಾಲು ಉಕ್ಕಿದರೂ ಯಾರು ಉಕ್ಕಿಸಿದರು ಎಂದು ಕೇಳುತ್ತಾಳೆ ಎಂದು ಗಂಡ ನಗುತ್ತಾರೆ. ನಗಲಿ. ಹತ್ತು ಸಲ ಅನುಮಾನಪಟ್ಟರೆ ಎಂಟು ಸಲ ನನ್ನ ಅನುಮಾನವೇ ನಿಜವಾಗಿದೆ. ಉಳಿದ ಎರಡರಲ್ಲಿ ಒಂದು ಈ ನಾಗಿಯದು. ಅವಳನ್ನು ಕಳ್ಳಿ ಎಂದವಳು ನಾನು.

೨೦೦೪ರ ಮಾತು. ಶಿರಸಿಯಿಂದ ಯಲ್ಲಾಪುರದ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಹೋದರೆ ಎಡಕ್ಕೆ ಒಂದು ತಗಡಿನ ಶೆಡ್ಡು ಸಿಗುತ್ತಿತ್ತು. ನಾನು ಅಲ್ಲಿ ಲ್ಯಾಬು ನೋಡಿಕೊಳ್ಳುತ್ತಿದ್ದೆ. ಲ್ಯಾಬು ಎಂದರೆ ಒಂದು ಕೋಣೆ, ಒಂದು ತಕ್ಕಡಿ, ಒಂದು ಚಿಕ್ಕ ಓವನ್ನು, ಒಂದಷ್ಟು ಗಾಜಿನ ಸಾಮಾನು ಮತ್ತು ಬಿ.ಎಸ್ಸಿ. ಓದಿದ ನಾನು. ಶೆಡ್ಡಿನ ಒಡೆಯರು ರಘುಪತಿ, ನಮಗೆ ದೂರದ ಸಂಬಂಧದಲ್ಲಿ ಮಾವ ಆಗಬೇಕು. ಗುಜರಾತಿನ ಒಂದು ಅಕ್ರಿಲಿಕ್ ನೂಲಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸವೆಸಿ, ಐವತ್ತು ದಾಟಿದ ಮೇಲೆ ಊರಿಗೆ ಬಂದು, ಅದೇ ನೂಲಿನ ಬಟ್ಟೆಯನ್ನು ತರಿಸಿ ಇದ್ದಿಲು ಮಾಡಲು ಹೊರಟಿದ್ದರು.

ಸ್ವೆಟರಿಗೆ ಬಳಸುತ್ತಾರಲ್ಲ, ಆ ಜಾತಿಯದೇ ನೂಲು. ಅದರ ಬಿಳಿ ಬಟ್ಟೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಒಲೆಯಲ್ಲಿ ನಿಧಾನಕ್ಕೆ ಕಾಯಿಸಬೇಕು. ಬಿಗಿಯದಿದ್ದರೆ ಮುದುಡಿಕೊಳ್ಳುತ್ತದೆ, ಅವಸರ ಮಾಡಿದರೆ ಹೊತ್ತಿಕೊಳ್ಳುತ್ತದೆ. ಬಿಳಿಯದು ಹಳದಿಯಾಗಿ, ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಆಮೇಲೆ ಗಾಳಿ ಆಡದ ಕುಲುಮೆಯಲ್ಲಿ, ನೈಟ್ರೋಜನ್ ತುಂಬಿ, ಒಂಬೈನೂರು ಡಿಗ್ರಿಯ ಕಾವು. ಕೊನೆಯಲ್ಲಿ ಹಬೆ ಬಿಡುತ್ತಾರೆ. ಹಬೆ ಆ ಕರಿ ಎಳೆಗಳನ್ನು ಕೊರೆದು ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳನ್ನು ಮಾಡುತ್ತದೆ. ಮೂರು ಕಿಲೋ ಬಟ್ಟೆ ಹೋದರೆ ಒಂದು ಕಿಲೋ ಬರುವುದೂ ಕಷ್ಟ. ಆದರೆ ಬಂದದ್ದು ಗಾಳಿಯಲ್ಲಿದ್ದ ವಿಷವನ್ನೂ ನೀರಿನಲ್ಲಿದ್ದ ಬಣ್ಣವನ್ನೂ ಹೀರಿಬಿಡುತ್ತದೆ. “ಒಂದು ಗ್ರಾಂ ಬಟ್ಟೆಯ ತೂತನ್ನೆಲ್ಲ ಬಿಡಿಸಿ ಹಾಸಿದ್ರೆ ಹತ್ತು ಗುಂಟೆ ತೋಟ ಆಗ್ತು” ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಲೆಕ್ಕ ಸರಿಯೇ ಇತ್ತು. ಕೇಳಿದವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುತ್ತಿದ್ದರು.

ಊರಿಗೂ ನಮ್ಮ ಮೇಲೆ ನಂಬಿಕೆ ಇರಲಿಲ್ಲ. ಬಿಳಿ ಬಟ್ಟೆ ಒಳಗೆ ಹೋಗುತ್ತದೆ, ಕರಿ ಬಟ್ಟೆ ಹೊರಗೆ ಬರುತ್ತದೆ, ಚಿಮಣಿಯ ಬುಡದಲ್ಲಿ ಯಾವಾಗಲೂ ಒಂದು ಬೆಂಕಿ ಉರಿಯುತ್ತಿರುತ್ತದೆ. ಕುಲುಮೆಯಿಂದ ಬರುವ ವಿಷದ ಗಾಳಿಯನ್ನು ಸುಟ್ಟೇ ಹೊರಗೆ ಬಿಡಬೇಕು ಎಂದು ಉರಿಸುತ್ತಿದ್ದ ಬೆಂಕಿ ಅದು. ಕಾಡಿನ ಮರ ಕದ್ದು ಎಲೆಯಡಿಕೆಯ ಕಾಚು ಕುದಿಸುತ್ತಾರೆ ಎಂದರು ಕೆಲವರು. ಕಳ್ಳಭಟ್ಟಿ ಎಂದರು ಇನ್ನು ಕೆಲವರು. ಹೀಗೆ ಹೊರಗಿನವರು ನಮ್ಮನ್ನು ಅನುಮಾನಿಸುತ್ತಿದ್ದ ಹೊತ್ತಿಗೆ ಒಳಗೆ ನಾನು ಬೇರೆಯವರನ್ನು ಅನುಮಾನಿಸಲು ಶುರುಮಾಡಿದೆ.

ಜೂನ್ ಕೊನೆಯಲ್ಲಿ ಪುಣೆಯಿಂದ ಮಾಲು ವಾಪಸು ಬಂತು. ಅಲ್ಲಿ ಬಣ್ಣ ಸಿಂಪಡಿಸುವ ಕೆಲಸಗಾರರಿಗೆ ಮುಖಗವಸು ಮಾಡುವ ಕಂಪನಿಯೊಂದು ನಮ್ಮ ಬಟ್ಟೆಯನ್ನು ಕೊಳ್ಳುತ್ತಿತ್ತು. ನಮಗಿದ್ದ ದೊಡ್ಡ ಗಿರಾಕಿ ಅದೊಂದೇ.

“ಬಟ್ಟೆ ಎಂತೂ ಹೀರ್ತಿಲ್ಲೆ ಹೇಳಿ ಬರದ್ದ” ಎಂದರು ಮಾವ, ಕಾಗದವನ್ನು ನನ್ನ ಮೇಜಿನ ಮೇಲಿಟ್ಟು. “ನಿನ್ನ ಪರೀಕ್ಷೆ ಸರಿ ಇದ್ದ?”

“ಎನ್ನ ಪರೀಕ್ಷೆ ತಪ್ಪಿದ್ದಿಲ್ಲೆ ಮಾವ” ಎಂದೆ. ನನಗೆ ಸಿಟ್ಟೇ ಬಂತು.

ಪರೀಕ್ಷೆ ಸುಲಭದ್ದು. ಕುಲುಮೆಯಿಂದ ಬಂದ ಪ್ರತಿ ಸುರುಳಿಯಿಂದ ಒಂದು ಚೂರು ಕತ್ತರಿಸಿ ಅಯೋಡಿನ್ ನೀರಿಗೆ ಹಾಕಿ ಕುಲುಕಬೇಕು. ಬಟ್ಟೆ ಒಳ್ಳೆಯದಾದರೆ ಕಂದು ನೀರು ತಿಳಿಯಾಗುತ್ತದೆ. ನಮ್ಮ ಎಲ್ಲ ಸುರುಳಿಗಳೂ ನನ್ನ ಕೈಯಲ್ಲಿ ಪಾಸಾಗಿಯೇ ಉಗ್ರಾಣಕ್ಕೆ ಹೋಗಿದ್ದವು. ಜುಲೈ ಮಧ್ಯದಲ್ಲಿ ಎರಡನೆಯ ಸಲವೂ ಮಾಲು ವಾಪಸು ಬಂತು. ಈ ಸಲ ನಾನು ಬಂದ ಸುರುಳಿಯನ್ನೇ ಕತ್ತರಿಸಿ ನೋಡಿದೆ. ನೀರಿನ ಬಣ್ಣ ಒಂದಿಷ್ಟೂ ಇಳಿಯಲಿಲ್ಲ.

ಕುಲುಮೆಯ ಬಾಯಲ್ಲಿ ಚೆನ್ನಾಗಿದ್ದ ಬಟ್ಟೆ ಪುಣೆಯಲ್ಲಿ ಹಾಳು. ನಡುವೆ ಇರುವುದು ನಮ್ಮ ಉಗ್ರಾಣ. ಹತ್ತು ಹನ್ನೆರಡು ದಿನ ಸುರುಳಿಗಳು ಅಲ್ಲಿರುತ್ತಿದ್ದವು, ಲೋಡು ತುಂಬುವಷ್ಟಾದ ಮೇಲೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಹೊಲಿದು ಕಳಿಸುತ್ತಿದ್ದೆವು. ಉಗ್ರಾಣದ ಕೀಲಿ ನಾಗಿಯ ಸೊಂಟದಲ್ಲಿರುತ್ತಿತ್ತು.

ನಾಗಿಗೆ ಆಗ ಐವತ್ತರ ಹತ್ತಿರ. ಗಂಡ ಇಲ್ಲ, ಮಗಳು ಸೌಮ್ಯಳನ್ನು ಸಿದ್ದಾಪುರದ ಕಡೆ ಕೊಟ್ಟಾಗಿತ್ತು. ಉಗ್ರಾಣ ಗುಡಿಸುವುದು, ಸುರುಳಿ ಸುತ್ತಿ ಕಟ್ಟುವುದು, ಮಧ್ಯಾಹ್ನ ಎಂಟು ಜನ ಕೆಲಸದವರಿಗೆ ಅಡುಗೆ ಮಾಡುವುದು ಅವಳ ಕೆಲಸ. ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ ಮಾತ್ರ ಎರಡು ತಿಂಗಳು ರಜೆ ತೆಗೆದುಕೊಳ್ಳುತ್ತಿದ್ದಳು. ಅವಳ ತವರು ಮತ್ತಿಘಟ್ಟದ ಕೆಳಗಿನ ಕೇರಿ. ಅಲ್ಲಿಂದ ಹತ್ತು ಹೆಂಗಸರ ಗುಂಪು ಕಟ್ಟಿಕೊಂಡು ಮನೆಮನೆಗೆ ಅಡಿಕೆ ಸುಲಿಯಲು ಹೋಗುತ್ತಿದ್ದಳು. ನನ್ನ ತವರೂ ಮತ್ತಿಘಟ್ಟವೇ, ನಮ್ಮ ಮನೆಯ ಅಂಗಳದಲ್ಲೂ ಅವಳ ಗುಂಪು ಕೂತದ್ದು ನೋಡಿ ಬೆಳೆದವಳು ನಾನು. ಅಡಿಕೆ ಸುಲಿಯಲು ಕರೆಯುವವರು ಕೈ ಎಷ್ಟು ಚುರುಕು ಎಂದು ಆಮೇಲೆ ನೋಡುತ್ತಾರೆ, ಕೈ ಶುದ್ಧ ಇದೆಯೇ ಎಂದು ಮೊದಲು ನೋಡುತ್ತಾರೆ. ಮಡಿಲಲ್ಲಿ ಹತ್ತು ಅಡಿಕೆ ಹಾಕಿಕೊಂಡು ಹೋದವಳನ್ನು ಮತ್ತೆ ಯಾವ ಅಂಗಳವೂ ಕರೆಯುವುದಿಲ್ಲ. ನಾಗಿ ಮುಂದಾಳು ಎಂದರೆ ಯಾರೂ ಅಡಿಕೆ ರಾಶಿಯ ಹತ್ತಿರ ಕಾವಲು ಕೂರುತ್ತಿರಲಿಲ್ಲ. ಅವಳಿಗಿದ್ದ ಆಸ್ತಿ ಆ ಹೆಸರೊಂದೇ.

ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಅನುಮಾನಪಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೂ ತಿಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅನುಮಾನಕ್ಕೆ ಇನ್ನೊಂದು ಮುಖವೂ ಸಿಕ್ಕಿತು. ಹುಬ್ಬಳ್ಳಿಯಿಂದ ನೈಟ್ರೋಜನ್ ಸಿಲಿಂಡರ್ ತರುತ್ತಿದ್ದ ಲಾರಿಯ ಸಂಗಯ್ಯ. ಅವನು ಬಂದಾಗಲೆಲ್ಲ ನಾಗಿ ಬೇಲಿಯ ಹತ್ತಿರ ನಿಂತು ಅವನ ಜೊತೆ ಮಾತಾಡುತ್ತಿದ್ದಳು. ಒಂದು ದಿನ ಕಾಗದದ ಪೊಟ್ಟಣವೊಂದು ಅವನ ಕೈಯಿಂದ ಇವಳ ಕೈಗೆ ಹೋದದ್ದನ್ನು ಕಿಟಕಿಯಿಂದ ಕಂಡೆ. ಅವನನ್ನು ಹಿಡಿದು ನಿಲ್ಲಿಸಿದೆ.

“ಏನು ಕೊಟ್ರಿ ಅವಳಿಗೆ?”

“ಬ್ಯಾಡಗಿ ಮೆಣಸಿನಕಾಯಿ ಕೊಟ್ಟೆರ್ರಿ ಮೇಡಮ್ಮಾರ. ನೀವೂ ಬೇಕಂದ್ರ ಹೇಳ್ರಿ, ಮುಂದಿನ ಟ್ರಿಪ್ಪಿಗೆ ತರ್ತೇನ್ರಿ” ಎಂದು ಹಲ್ಲು ಬಿಟ್ಟ.

ಇಷ್ಟು ಸಲೀಸಾಗಿ ಉತ್ತರ ಬಂದದ್ದೇ ನನಗೆ ಸರಿಕಾಣಲಿಲ್ಲ. ಮೊದಲೇ ಯೋಚಿಸಿಟ್ಟುಕೊಂಡ ಉತ್ತರ ಎಂದುಕೊಂಡೆ. ನನ್ನ ತಲೆಯಲ್ಲಿ ಕಥೆ ಪೂರ್ತಿಯಾಯಿತು. ನಮ್ಮ ಒಳ್ಳೆಯ ಬಟ್ಟೆ ಲಾರಿಯಲ್ಲಿ ಹೋಗುತ್ತದೆ, ಎಲ್ಲಿಯದೋ ಕಳಪೆ ಬಟ್ಟೆ ನಮ್ಮ ಉಗ್ರಾಣಕ್ಕೆ ಬರುತ್ತದೆ. ನೋಡುವುದಕ್ಕೆ ಎರಡೂ ಕಪ್ಪೇ.

ನನ್ನ ಕಥೆಗೆ ಸಾಕ್ಷಿ ಬೇಕಲ್ಲ. ಮೂರನೆಯ ಲೋಡಿನ ಪ್ರತಿ ಸುರುಳಿಗೂ ಒಂದೊಂದು ನಂಬರು ಕೊಟ್ಟೆ, ತೂಕ ಮಾಡಿ ಬರೆದಿಟ್ಟೆ, ಒಳಮೂಲೆಯಲ್ಲಿ ಯಾರಿಗೂ ಕಾಣದಂತೆ ಬಿಳಿ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದೆ. ನಾಲ್ಕು ದಿನ ಬಿಟ್ಟು ಐದನೆಯ ನಂಬರಿನದನ್ನು ತಂದು ತಕ್ಕಡಿಗಿಟ್ಟೆ. ಎರಡು ಕಿಲೋ ಇದ್ದದ್ದು ಎರಡು ಕಿಲೋ ಮುನ್ನೂರೈವತ್ತು ಗ್ರಾಂ ಆಗಿತ್ತು.

ಕಳ್ಳತನದಲ್ಲಿ ತೂಕ ಇಳಿಯಬೇಕು, ಇಲ್ಲಿ ಏರಿದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಂತು ಯೋಚಿಸುತ್ತಿದ್ದರು. ನಾನಾದರೋ, ಹಾಲಿಗೆ ನೀರು ಹಾಕುವವಳೂ ಅಳತೆ ಹೆಚ್ಚಿಸಿಯೇ ಕದಿಯುತ್ತಾಳೆ ಎಂದುಕೊಂಡೆ. ಸುರುಳಿ ಬಿಚ್ಚಿ ಮೂಲೆ ನೋಡಿದೆ. ಹೊಲಿಗೆ ಇತ್ತು. ಆದರೆ ದಾರ ಬಿಳಿಯಾಗಿರಲಿಲ್ಲ, ಚಹಾದಲ್ಲಿ ಅದ್ದಿದಂತೆ ಕಂದಾಗಿತ್ತು. ನನ್ನ ದಾರವನ್ನು ಕಂಡುಹಿಡಿದು, ಬಿಚ್ಚಿ, ಕಳಪೆ ಬಟ್ಟೆಗೆ ತನ್ನ ಹಳೆಯ ದಾರದಲ್ಲಿ ಹಾಗೆಯೇ ಹೊಲಿದಿದ್ದಾಳೆ. ಎಂಥ ಚಾಲಾಕಿ! ಅವಳ ಮೇಲೆ ನನಗೆ ಒಂದು ಬಗೆಯ ಗೌರವವೂ ಹುಟ್ಟಿತು. ಕಾಮಾಲೆಯ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆ ಸಂಜೆ ಐದಕ್ಕೆ ಮನೆಗೆ ಹೊರಟವಳಂತೆ ಮಾಡಿ ಲ್ಯಾಬಿನ ಕಿಟಕಿಯ ಹಿಂದೆ ನಿಂತೆ. ಐದೂವರೆಗೆ ನಾಗಿ ಉಗ್ರಾಣದ ಹಿಂಬಾಗಿಲು ತೆರೆದಳು. ತಲೆಯ ಮೇಲೆ ಎರಡು ಸುರುಳಿ, ಮೇಲೆ ಹಳೆ ಸೀರೆ ಮುಚ್ಚಿದ್ದಳು. ಆಚೆ ಈಚೆ ನೋಡಲೂ ಇಲ್ಲ, ಶೆಡ್ಡಿನ ಮೂಲೆ ತಿರುಗಿ ಹಿಂದಕ್ಕೆ ಹೋದಳು. ಬರಿಗೈಯಲ್ಲಿ ಬಂದು ಮತ್ತೆರಡು ಹೊತ್ತಳು. ಶೆಡ್ಡಿನ ಹಿಂದೆ ಇರುವುದು ಕೆಲಸದವರ ಅಡುಗೆಮನೆ, ಅದರಾಚೆ ಮುರಿದ ಬೇಲಿ, ಬೇಲಿಯಾಚೆ ರಸ್ತೆ. ಬೆಳಗಾದರೆ ಸುರುಳಿಗಳು ಉಗ್ರಾಣದಲ್ಲಿ ಇದ್ದವು, ಸಾಲಾಗಿ, ನಂಬರಿನ ಪ್ರಕಾರ.

ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದ್ದರೆ ಆಗುತ್ತಿತ್ತು. ಹೋಗಲಿಲ್ಲ. ಆ ಅಡುಗೆಮನೆಯ ಕಡೆ ನಾನು ಮೂರು ವರ್ಷದಲ್ಲಿ ಒಂದು ದಿನವೂ ಹೋದವಳಲ್ಲ. ನಾನು ಮನೆಯಿಂದ ಬುತ್ತಿ ತರುತ್ತಿದ್ದೆ, ಮಾವ ಊಟಕ್ಕೆ ಮನೆಗೆ ಹೋಗುತ್ತಿದ್ದರು. ನಾಗಿ ಅಲ್ಲಿ ಒಣಮೀನು ಬೇಯಿಸುತ್ತಿದ್ದಳು. ಗಾಳಿ ಈ ಕಡೆ ತಿರುಗಿದರೆ ನಾನು ಎದ್ದು ಲ್ಯಾಬಿನ ಕಿಟಕಿ ಮುಚ್ಚುತ್ತಿದ್ದೆ. ಯಾರೂ ಹೋಗಬೇಡ ಎಂದಿರಲಿಲ್ಲ. ಹೋಗದೇ ಇರುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಕಳ್ಳಿಯನ್ನು ಹಿಂಬಾಲಿಸುವಾಗಲೂ ಕಾಲು ಅತ್ತ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಮಾವನಿಗೆ ಎಲ್ಲ ಹೇಳಿದೆ.

“ನಾಗಿಯಾ? ಛೆ. ಅದು ಅಂಥ ಹೆಂಗಸಲ್ಲ ಕೂಸೆ” ಎಂದರು.

“ದಾರ ನೋಡಿ ಮಾವ. ತೂಕ ನೋಡಿ. ಆನು ಕಣ್ಣಾರೆ ನೋಡಿದ್ದಿ.”

ಅವರು ದಾರ ನೋಡಿದರು, ಪುಣೆಯ ಕಾಗದವನ್ನೂ ನೋಡಿದರು. ಮೂರನೆಯ ಸಲ ಕೆಟ್ಟರೆ ಮತ್ತೆ ನಿಮ್ಮ ಬಟ್ಟೆ ಬೇಡ ಎಂದು ಅದರಲ್ಲಿ ಬರೆದಿತ್ತು. ನಾಗಿಯನ್ನು ಆಫೀಸಿಗೆ ಕರೆಸಿದರು. ಬಾಗಿಲು ತೆರೆದೇ ಇತ್ತು. ಕೆಲಸದ ಎಂಟು ಜನ ಅಂಗಳದ ತಗಡಿನ ಚಪ್ಪರದಡಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುತ್ತಿದ್ದರು.

“ನಾಗಿ, ದಿನಾ ಸಂಜೆ ಸುರುಳಿ ಹೊರಗೆ ಒಯ್ತೀಯಾ ಇಲ್ವಾ?” ನಾನೇ ಕೇಳಿದೆ.

“ಹೌದ್ರಾ, ಒಯ್ತೆ. ಬೆಳಿಗ್ಗೆ ತಂದಿಡ್ತೆ. ಅದ್ಕೆಂತ...”

“ಕೇಳಿದ್ರಾ ಮಾವ!” ನನ್ನ ದನಿ ಎಷ್ಟು ಏರಿತೆಂದರೆ ಅಂಗಳದ ಕೆಲಸ ನಿಂತಿತು. “ಅವಳ ಬಾಯಲ್ಲೇ ಬಂತಲ್ಲ! ಕಳ್ಳಿ! ಉಂಡ ಮನೆಗೇ ಕನ್ನ ಹಾಕುವ ಕಳ್ಳಿ!”

ಮಾವ ಸಣ್ಣ ದನಿಯಲ್ಲಿ “ಎಲ್ಲಿಗೆ ಒಯ್ತೆ ನಾಗಿ?” ಎಂದರೇನೋ. ನಾಗಿ ಅವರ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

“ಕಳ್ಳಿ ಅಂದ್ರಾ ಪರಿಮಳಮ್ಮ?”

“ಅಂದೆ.”

ಅವಳು ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟಳು. “ಹಂಗಾರೆ ಮತ್ತೆಂತ ಮಾತಿಲ್ಲ” ಎಂದು ಹೊರಟುಹೋದಳು. ಅಳಲಿಲ್ಲ, ಕೂಗಾಡಲಿಲ್ಲ. ತಪ್ಪಿಲ್ಲದವಳಾಗಿದ್ದರೆ ಸುಮ್ಮನೆ ಹೋಗುತ್ತಿದ್ದಳೇ ಎಂದು ಅದನ್ನೂ ನಾನು ಸಾಕ್ಷಿಗೆ ಸೇರಿಸಿಕೊಂಡೆ. ಆ ಮಧ್ಯಾಹ್ನ ಮೊದಲ ಸಲ ಸುರುಳಿಗಳನ್ನೆಲ್ಲ ಒಂದೊಂದಾಗಿ ಎಣಿಸಿದೆ. ಹದಿನೇಳನೆಯದು ಇರಲಿಲ್ಲ. ಪುಸ್ತಕದಲ್ಲಿ ಅದರ ಮುಂದೆ ‘ಕಳವು’ ಎಂದು ಕೆಂಪು ಶಾಯಿಯಲ್ಲಿ ಬರೆದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಕೀಲಿ ನನ್ನ ಕೈಗೆ ಬಂತು. ಆ ಲೋಡಿನ ಹಾಳಾದ ಸುರುಳಿಗಳನ್ನೆಲ್ಲ ಬದಿಗಿಟ್ಟು ಹೊಸದಾಗಿ ಮಾಡಿಸಿದೆವು. ಕುಲುಮೆಯಿಂದ ಬಂದ ದಿನವೇ ನಾನೇ ನಿಂತು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿ ಬಾಯಿ ಮುಚ್ಚಿಸಿದೆ, ನಡುವೆ ಯಾರೂ ಕೈಯಾಡಿಸಬಾರದು ಎಂದು. ಆಗಸ್ಟಿನಲ್ಲಿ ಪುಣೆಯಿಂದ ಕಾಗದ ಬಂತು. ಮಾಲು ಉತ್ತಮ. ಕಳ್ಳಿ ಹೋದಳು, ಬಟ್ಟೆ ಸರಿಯಾಯಿತು. ಇದಕ್ಕಿಂತ ಪುರಾವೆ ಯಾವ ಕೋರ್ಟಿಗೆ ಬೇಕು? ಮಾವನ ಮುಖದಲ್ಲಿದ್ದ ಅಳುಕೂ ಹೋಯಿತು. ನಾನು ತವರಿಗೆ ಫೋನು ಮಾಡಿ ಅಮ್ಮನಿಗೆ, “ಈ ಸಲ ಸುಲಿಯಲೆ ನಾಗಿಯ ಕರೆಯಡ ಆಯಿ. ಕೈ ಶುದ್ಧ ಇಲ್ಲೆ” ಎಂದೆ. ಆಯಿಗೆ ಹೇಳಿದರೆ ಮತ್ತಿಘಟ್ಟದ ಅಷ್ಟೂ ಮನೆಗೆ ಹೇಳಿದಂತೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಡಿಸೆಂಬರಿನಲ್ಲಿ ಮಾವ ಸಿಲಿಂಡರ್ ಇಡಲು ಹೊಸ ಕಟ್ಟೆ ಕಟ್ಟಿಸಲು ಹೊರಟರು. ನಾಗಿ ಹೋದ ಮೇಲೆ ಅಡುಗೆಮನೆಯ ಒಲೆ ಹಚ್ಚುವವರಿರಲಿಲ್ಲ, ಕೆಲಸದವರು ಬುತ್ತಿ ತರುತ್ತಿದ್ದರು. ಹಾಗಾಗಿ ಅದನ್ನೇ ಕೆಡವಲು ಹೇಳಿದರು. ಹನ್ನೊಂದು ಗಂಟೆಗೆ ಕುಲುಮೆ ನೋಡಿಕೊಳ್ಳುವ ಸೋಮ ಲ್ಯಾಬಿನ ಬಾಗಿಲಿಗೆ ಬಂದ. ಕೈಯಲ್ಲಿ ಮಸಿ ಹಿಡಿದ ಒಂದು ಕಟ್ಟು.

“ಪರಿಮಳಮ್ಮ, ಇದೊಂದು ಅಟ್ಟದ ಮೇಲೇ ಉಳ್ದಿತ್ತು. ಹಿಂದೆ ಗೋಡೆ ಬದಿಗೆ ಜಾರಿತ್ತು.”

“ಯಾವ ಅಟ್ಟ?”

“ಒಲೆ ಮೇಲಿನ ಅಟ್ಟ. ನಾಗಕ್ಕ ದಿನಾ ರಾತ್ರಿಗೆ ಅಲ್ಲೇ ಇಡ್ತಿತ್ತಲ. ಮಳೆ ಹಿಡಿದ ಮೇಲೆ ಉಗ್ರಾಣದ ನೆಲ ಬೆವರ್ತಿತ್ತು. ಒಡೇರು ಈ ವರ್ಷ ಬಟ್ಟೆಗೆ ಥಂಡಿ ತಾಗ್ಬಾರ್ದು ಅಂದಿದ್ರು ಅದಕ್ಕೆ. ಸಂಜೆ ಒಲೆಗೆ ಎರಡು ಕಟ್ಟಿಗೆ ಕುಂಟೆ ತುರುಕಿ ಹೋಗ್ತಿತ್ತು, ಬೆಳಗಿನ ತನಕ ಹೊಗೆ ಆಡ್ಲಿ ಹೇಳಿ.”

ಮೂಲೆ ಬಿಚ್ಚಿ ನೋಡಿದೆ. ಹದಿನೇಳು. ನನ್ನದೇ ನಾಲ್ಕು ಹೊಲಿಗೆ, ಹೊಗೆ ಹಿಡಿದು ಕಂದಾದ ದಾರ.

ನಮ್ಮ ಕಡೆ ಒದ್ದೆ ತಾಗಬಾರದ್ದು ಏನಿದ್ದರೂ ಒಲೆಯ ಮೇಲಿನ ಅಟ್ಟಕ್ಕೇ ಹೋಗುತ್ತದೆ. ಬೀಜದ ಸೌತೆಕಾಯಿ, ಕಾಳುಮೆಣಸು, ಏಲಕ್ಕಿ, ಕೊಳೆ ಬೀಳಬಾರದ ಅಡಿಕೆ, ಎಲ್ಲ. ನನ್ನ ಆಯಿಯೂ ಅದನ್ನೇ ಮಾಡುತ್ತಿದ್ದಳು. ಹೊಗೆ ತಾಗಿದ್ದು ಕೆಡುವುದಿಲ್ಲ ಎಂಬುದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಹೊಗೆ ತಾಗಿದರೆ ಕೆಡುವ ವಸ್ತು ಒಂದೇ ಒಂದು ಈ ಸೀಮೆಗೆ ಬಂದಿತ್ತು, ಅದನ್ನು ತಂದವರು ನಾವು. ಇದ್ದಿಲು ಸಿಕ್ಕಿದ್ದನ್ನೆಲ್ಲ ಹೀರುತ್ತದೆ, ಹೀರಿದಷ್ಟೂ ತೂಕ ಏರುತ್ತದೆ, ತುಂಬಿದ ಮೇಲೆ ಮತ್ತೇನನ್ನೂ ಹೀರುವುದಿಲ್ಲ. ಇದನ್ನು ನಾನು ಓದಿ ಪರೀಕ್ಷೆ ಪಾಸಾಗಿದ್ದೆ. ಕಳ್ಳಿಯನ್ನು ಹುಡುಕುವ ಅವಸರದಲ್ಲಿ ಓದಿದ್ದು ಒಂದೂ ನೆನಪಿಗೆ ಬರಲಿಲ್ಲ.

“ನೀವು ಯಾರೂ ಯಾಕೆ ಹೇಳ್ಲಿಲ್ಲ ಸೋಮ?”

“ಎಂತ ಹೇಳೂದು? ಕಳ್ಳಿ ಅಂದಿದ್ದಷ್ಟೇ ನಮ್ಗೆ ಕೇಳ್ತು. ಬೇರೆ ಎಂತೋ ಕದ್ದಿದ್ದು ಕಂಡೀರಿ ಅಂದ್ಕಂಡ್ವಿ. ಅಟ್ಟದ್ದು ಎಲ್ಲರಿಗೂ ಗೊತ್ತಿದ್ದಿದ್ದೇ ಅಲ್ವ್ರಾ.”

ಅವನು ಹೋದ ಮೇಲೆ ಸುರುಳಿಯಿಂದ ಒಂದು ಮೊಳ ಕತ್ತರಿಸಿ ಓವನ್ನಿಗೆ ಹಾಕಿ ಕಾವು ಏರಿಸಿದೆ. ಬಟ್ಟೆಗೆ ಅಲ್ಲಿಯ ತನಕ ಯಾವ ವಾಸನೆಯೂ ಇರಲಿಲ್ಲ, ಎಲ್ಲವನ್ನೂ ಒಳಗೆ ಹಿಡಿದಿಟ್ಟುಕೊಂಡಿತ್ತು. ನೂರೈವತ್ತು ದಾಟಿದ ಮೇಲೆ ಒಂದೊಂದಾಗಿ ಬಿಡತೊಡಗಿತು. ಮೊದಲು ಹಸಿ ಕಟ್ಟಿಗೆಯ ಹೊಗೆ. ಆಮೇಲೆ ಒಣಮೀನು. ಆಮೇಲೆ ಕಾದ ಎಣ್ಣೆಗೆ ಬಿದ್ದ ಬ್ಯಾಡಗಿ ಮೆಣಸಿನಕಾಯಿಯ ಘಾಟು. ಮೂರು ವರ್ಷ ನಾನು ಕಿಟಕಿ ಮುಚ್ಚಿ ಹೊರಗಿಟ್ಟಿದ್ದ ಅಡುಗೆಮನೆ ಇಡಿಯಾಗಿ ನನ್ನ ಕೋಣೆಯೊಳಗೆ ಬಂದು ಕೂತಿತು. ಕೆಮ್ಮಿದೆ, ಕಣ್ಣಲ್ಲಿ ನೀರು ಬಂತು. ಕಿಟಕಿ ತೆರೆಯಲು ಏಳಲಿಲ್ಲ. ನನಗೆ ನನ್ನ ಮೇಲೆ ಅಸಹ್ಯವಾಯಿತು, ಅದನ್ನು ಬೇರೆ ಯಾವ ಮಾತಿನಲ್ಲೂ ಹೇಳಲಾರೆ.

ಮಾವನಿಗೆ ಹೇಳಿದಾಗ ಅವರು ತಲೆಯ ಮೇಲೆ ಕೈ ಹೊತ್ತು ಕೂತರು. “ಥಂಡಿ ತಾಗ್ಲಾಗ ಹೇಳಿ ಅದಕ್ಕೆ ಆನೇ ಹೇಳಿದ್ದು. ಎಲ್ಲಿಡವು ಹೇಳಿ ಹೇಳಿದ್ನಿಲ್ಲೆ” ಎಂದರು. ಆಮೇಲೆ, “ನೀನು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಆನು ನಂಬಿದ್ದು ಕೂಸೆ. ನೀನೇ ಹೋಗಿ ಕರಕೊಂಡು ಬಾ” ಎಂದರು.

ನಾಗಿ ತವರಿನ ಕೇರಿಯಲ್ಲೇ ಇದ್ದಳು. ಕೊನೆಕೊಯ್ಲು ಭರದಲ್ಲಿದ್ದ ದಿನಗಳವು. ಹತ್ತು ಹೆಂಗಸರ ಮುಂದಾಳಾಗಿ ಅಂಗಳದ ನಡುವೆ ಕೂರಬೇಕಾದವಳು ಬೆಟ್ಟದಲ್ಲಿ ಒಬ್ಬಳೇ ಒಣ ಎಲೆ ಗುಡಿಸಿ ಕಲ್ಲಿ ಎನ್ನುವ ಹಗ್ಗದ ಬಲೆಚೀಲಕ್ಕೆ ತುಂಬುತ್ತಿದ್ದಳು. ನನ್ನನ್ನು ಕಂಡು ಪೊರಕೆ ನಿಲ್ಲಿಸಿದಳು. ಎಲ್ಲ ಹೇಳಿದೆ. ಹದಿನೇಳನೆಯದು ಸಿಕ್ಕಿದ್ದು, ಹೊಗೆ, ತೂಕ, ನನ್ನ ತಪ್ಪು.

“ಹೊಗೆ ತಾಗಿ ಹಾಳಾಯ್ತಾ?” ಅವಳ ಮುಖದಲ್ಲಿ ಮೊದಲು ಕಂಡದ್ದು ಅದರದೇ ಸಂಕಟ. “ಅಷ್ಟೂ ಬಟ್ಟೆಯಾ? ಅಯ್ಯೋ. ನಂಗೆ ತಿಳೀಲಿಲ್ಲ ಪರಿಮಳಮ್ಮ. ಅದು ನಂದೇ ತಪ್ಪು. ಅದಕ್ಕೆ ಬೈರಿ ಬೇಕಾರೆ.”

“ಆವತ್ತೇ ಅಟ್ಟದ ಮೇಲೆ ಇಟ್ಟಿದ್ದು ಅನ್ನಬಾರದಿತ್ತಾ ನಾಗಿ? ಒಂದು ಮಾತು.”

“ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ. ಕಳ್ಳಿ ಅಂದ್ರಿ.”

ಕೆಲಸಕ್ಕೆ ವಾಪಸು ಬಾ ಎಂದೆ. ಬರುತ್ತೇನೆ ಎಂದಳು, ಹೊಟ್ಟೆ ಕೇಳಬೇಕಲ್ಲ ಎಂದಳು. ಆಮೇಲೆ ಪೊರಕೆಯ ಹಿಡಿಯನ್ನು ನೆಲಕ್ಕೆ ಕುಟ್ಟುತ್ತ, “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಆದ್ರೂ ನೀವು ಎಂಟು ಜನರ ಎದ್ರು ಅಂದಿದ್ದು. ಎಂಟು ಜನರ ಎದ್ರೇ ಅಲ್ಲ ಅನ್ಬೇಕು. ಮತ್ತೆ ನಿಮ್ಮ ಆಯಿ ಅಂಗಳದಲ್ಲೂ ಅನ್ಬೇಕು” ಎಂದಳು. ನಾನು ಫೋನು ಮಾಡಿದ್ದು ಅವಳಿಗೆ ಗೊತ್ತಿತ್ತು.

ಅಲ್ಲಿಂದ ನೇರ ತವರಿಗೆ ಹೋದೆ. ಮಧ್ಯಾಹ್ನದ ಬಿಸಿಲಲ್ಲಿ ಅಂಗಳದ ತುಂಬ ಹೆಂಗಸರು ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದರು. ಎಲ್ಲ ಬೇರೆ ಮುಖಗಳು. ನಡುವೆ ನಿಂತು ಹೇಳಿದೆ: ನಾಗಿ ಏನನ್ನೂ ಕದ್ದಿಲ್ಲ, ಕಳವಾಯಿತೆಂದ ಸುರುಳಿ ಸಿಕ್ಕಿದೆ, ನಾನು ಹೇಳಿದ್ದು ಸುಳ್ಳು, ತಪ್ಪು ನನ್ನದು. ಕತ್ತಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಆಯಿ ನನ್ನನ್ನು ಒಳಗೆ ಕರೆದಳು.

“ಒಂದು ಸುರುಳಿ ಸಿಕ್ತು, ಹೌದು. ಅಷ್ಟಕ್ಕೇ ಇಷ್ಟು ಜನರ ಎದುರು ತಪ್ಪು ತಪ್ಪು ಹೇಳಿ ಕೂಗವಾ?” ಎಂದಳು. “ಈ ವರ್ಷ ಹ್ಯಾಂಗೂ ಬೇರೆಯವ್ವು ಬಂದಾತು. ಮುಂದಿನ ವರ್ಷ ನೋಡನ.”

“ಆಯಿ, ಅದು ಕದ್ದಿದ್ದಿಲ್ಲೆ.”

“ಆತು ಮಾರಾಯ್ತಿ, ಕದ್ದಿದ್ದಿಲ್ಲೆ. ಆದ್ರೆ ನೀನು ಸುಮ್ಮಸುಮ್ಮನೆ ಹೇಳುವವಳಲ್ಲ, ಹಂಗಾಗಿ ಆನು ಮುಂದಿನ ವರ್ಷ ನೋಡನ ಹೇಳಿದ್ದು.”

ಮುಂದಿನ ವರ್ಷವೂ ಕರೆಯಲಿಲ್ಲ. ಮತ್ತೊಂದೆರಡು ಮನೆಯವರು ಕರೆದರು, ಆದರೆ ರಾಶಿಯ ಹತ್ತಿರ ಒಬ್ಬರು ಕುರ್ಚಿ ಹಾಕಿಕೊಂಡು ಕೂತರಂತೆ. ಸೋಮ ಹೇಳಿದ.

ಶೆಡ್ಡಿನ ಅಂಗಳದಲ್ಲಿ ಎಂಟು ಜನರ ಎದುರು ನಾನು ತಪ್ಪೊಪ್ಪಿಕೊಂಡ ದಿನವೇ ನಾಗಿ ಕೆಲಸಕ್ಕೆ ಬಂದಳು. ಉಗ್ರಾಣದ ಕೀಲಿ ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು. “ಅದು ನಿಮ್ಮ ಹತ್ರಾನೇ ಇರ್ಲಿ” ಎಂದಳು. ಸಂಜೆ ಐದಕ್ಕೆ ಮನೆಗೆ ಹೊರಡುವಾಗ ಲ್ಯಾಬಿಗೆ ಬಂದು ತನ್ನ ಚೀಲವನ್ನು ನನ್ನ ಮೇಜಿನ ಮೇಲೆ ಕವುಚಿದಳು. ಬುತ್ತಿಯ ಡಬ್ಬಿ, ಎಲೆ ಅಡಿಕೆಯ ಸಂಚಿ, ಒಂದು ಟವೆಲ್ಲು, ಮಗಳು ಬರೆದ ಕಾಗದ. ಸೆರಗನ್ನೂ ಕೊಡವಿ ತೋರಿಸಿದಳು.

“ಇದೆಲ್ಲ ಎಂತಕ್ಕೆ ನಾಗಿ? ಬೇಡ.”

“ನೋಡಿ ಕಳ್ಸಿ ಪರಿಮಳಮ್ಮ. ನಾಳೆ ಮತ್ತೊಂದು ಕಡಿಮೆ ಬಿದ್ರೆ?”

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅದಿದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಎರಡು ವರ್ಷದ ಮೇಲೆ ಶೆಡ್ಡು ಮುಚ್ಚುವ ತನಕ ಅವಳು ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಪ್ರತಿ ಸಲವೂ ನಾನು ಬೇಡ ಎನ್ನುತ್ತಿದ್ದೆ. ಬೇಡ ಎನ್ನುತ್ತಲೇ ನನ್ನ ಕಣ್ಣು ಆ ಸಾಮಾನುಗಳ ನಡುವೆ ಏನಾದರೂ ಕಪ್ಪಗಿನದು ಇದೆಯೇ ಎಂದು ಒಂದು ಸುತ್ತು ನೋಡಿಕೊಂಡು ಬರುತ್ತಿತ್ತು. ಅದು ನಾಗಿಗೂ ಗೊತ್ತಿತ್ತು. ಕಣ್ಣು ವಾಪಸು ಬರುವ ತನಕ ಅವಳು ಕಾದು ನಿಂತು, ಆಮೇಲೆ ಒಂದೊಂದನ್ನೇ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು.